ಪೆಟ್ಟಾದ ನಾಯಿಯ ನೋವೂ ಅದರ ಉಪಚಾರವೂ

ತೋಟವನ್ನೂ ಕೊಟ್ಟಿಗೆಯನ್ನೂ ಕುರಿಮಂದೆಯನ್ನೂ ರಾತ್ರಿಯೆಲ್ಲಾ ಕಾಯುವ ನಾಯಿಗೆ ಕಾಡುಹಂದಿಯ ಕೋರೆಯಿಂದಲೋ, ಮುಳ್ಳುತಂತಿಯಿಂದಲೋ, ರಸ್ತೆಯ ಲಾರಿಯಿಂದಲೋ ಪೆಟ್ಟಾಗುವುದು ಅಪರೂಪವಲ್ಲ. ಅದರ ನರಳಾಟವನ್ನು ನೋಡಲಾರದೆ ಯಜಮಾನನು ತನ್ನ ಮೈಕೈ ನೋವಿಗೆಂದು ತಂದಿಟ್ಟ ಗುಳಿಗೆಯನ್ನು ಮುದ್ದೆಯ ಚೂರಿನಲ್ಲಿ ಅಡಗಿಸಿ ನುಂಗಿಸುವುದುಂಟು. ಗಾಯದಿಂದ ಉಳಿದುಕೊಳ್ಳಬಹುದಾಗಿದ್ದ ನಾಯಿಯು ಈ ಗುಳಿಗೆಯಿಂದಲೇ ಸಾಯಬಹುದೆಂಬುದನ್ನು ಬಹಳ ಮಂದಿ ಅರಿಯರು.

ಇದಕ್ಕೆ ಕಾರಣವುಂಟು. ಗಾಯದಲ್ಲಿ ನೋವನ್ನೂ ಬಾವನ್ನೂ ಉಂಟುಮಾಡುವ ದ್ರವ್ಯಗಳ ಜಾತಿಯವೇ ಜಠರದ ಒಳಪೊರೆಯನ್ನು ರಕ್ಷಿಸುತ್ತವೆ. ಮೂತ್ರಪಿಂಡಗಳಿಗೆ ರಕ್ತವು ಸರಿಯಾಗಿ ಹರಿಯುವಂತೆಯೂ ನೋಡಿಕೊಳ್ಳುತ್ತವೆ. ಐಬುಪ್ರೊಫೇನ್, ಡೈಕ್ಲೋಫೆನಾಕ್, ನೆಪ್ರಾಕ್ಸೆನ್ ಎಂಬ ಔಷಧಗಳು ಇವೆಲ್ಲವನ್ನೂ ಒಟ್ಟಿಗೆ ತಡೆಯುತ್ತವೆ. ಮೇಲಾಗಿ ನಾಯಿಯ ಶರೀರವು ಇವನ್ನು ನಮ್ಮಷ್ಟು ಬೇಗನೆ ಹೊರಹಾಕಲಾರದು. ನೆಪ್ರಾಕ್ಸೆನ್ ಮನುಷ್ಯನ ರಕ್ತದಲ್ಲಿ ಸುಮಾರು ಅರ್ಧ ದಿನದಲ್ಲಿ ಅರ್ಧಕ್ಕೆ ಇಳಿದರೆ, ನಾಯಿಯಲ್ಲಿ ಅದಕ್ಕೆ ಸುಮಾರು 3 ದಿನಗಳು ಬೇಕಾಗುತ್ತವೆ. ರಕ್ತವಾಂತಿ, ಕಪ್ಪನೆಯ ಮಲ, ಕೊನೆಗೆ ಮೂತ್ರಪಿಂಡಗಳ ನಾಶವು ಇದರ ಫಲ. ರಕ್ತ ಸುರಿಸಿಕೊಂಡ ನಾಯಿಯಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಪ್ಯಾರಾಸಿಟಮಾಲ್ ಅತಿಯಾದರೆ ನಾಯಿಯ ಯಕೃತ್ತನ್ನೂ ರಕ್ತವನ್ನೂ ಕೆಡಿಸುತ್ತದೆ. ಬೆಕ್ಕಿಗಂತೂ ಒಂದೇ ಗುಳಿಗೆಯು ಮಾರಕವಾಗಬಲ್ಲದು.

ಡೈಕ್ಲೋಫೆನಾಕನ್ನು ಪಶುಗಳಿಗೆ ಕೊಡಕೂಡದೆಂದು ಭಾರತ ಸರ್ಕಾರವು 2006ರಲ್ಲಿಯೇ ನಿಷೇಧಿಸಿತು. ಅದನ್ನು ತಿಂದ ದನಗಳ ಹೆಣವನ್ನು ಕಿತ್ತು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದೇ ಇದಕ್ಕೆ ಕಾರಣ. ಹದ್ದಿಗೂ ಕೇಡಿಲ್ಲದ ಮೆಲಾಕ್ಸಿಕಾಮ್ ಎಂಬ ಔಷಧವನ್ನು ವೈದ್ಯರು ನಾಯಿಗೆ ಕೊಡುವುದುಂಟು. ಆದರೆ ಅದರ ಪ್ರಮಾಣವು ಅತ್ಯಲ್ಪ: ತೂಕದ ಕಿಲೋ ಒಂದಕ್ಕೆ ಮೊದಲನೆಯ ದಿನ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೆ 0.1. ಇಪ್ಪತ್ತು ಕಿಲೋ ತೂಗುವ ನಾಯಿಗೆ ಮೊದಲ ದಿನ 4 ಮಿಲಿಗ್ರಾಂ ಸಾಕಾದರೆ, ಮನುಷ್ಯರ ದೊಡ್ಡ ಗುಳಿಗೆಯಲ್ಲಿ 15 ಇರುತ್ತದೆ. ಈ ಲೆಕ್ಕವನ್ನು ಹೇಳಿದ್ದು ಮನೆಯಲ್ಲಿ ಕೊಡಲೆಂದಲ್ಲ, ಅಂದಾಜಿನಿಂದ ಕೊಡಬಾರದೆಂದು. ಒಳಗೆ ರಕ್ತಸ್ರಾವವಾಗುತ್ತಿದ್ದರೆ ಇದೂ ಕೂಡದು. ಅದನ್ನು ನಿರ್ಣಯಿಸತಕ್ಕವರು ಪಶುವೈದ್ಯರು.

ವೈದ್ಯರು ಸಿಕ್ಕುವವರೆಗೆ ಮಾಡತಕ್ಕದ್ದು ಸ್ವಲ್ಪವೇ. ಸಾಧುವಾದ ನಾಯಿಯೂ ನೋವಿನಲ್ಲಿ ಕಚ್ಚುವುದರಿಂದ, ಮೃದುವಾದ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಕಟ್ಟಿರಿ. ವಾಂತಿ ಮಾಡುತ್ತಿದ್ದರೆ ಅಥವಾ ಏದುಸಿರು ಬಿಡುತ್ತಿದ್ದರೆ ಕಟ್ಟಕೂಡದು. ರಕ್ತ ಹರಿಯುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಐದು ನಿಮಿಷ ಎತ್ತದೆ ಒತ್ತಿ ಹಿಡಿಯಿರಿ. ನೆನೆದರೆ ಮೇಲೆ ಇನ್ನೊಂದನ್ನು ಇಡಿರಿ. ಸೀಮೆಎಣ್ಣೆ, ಸುಣ್ಣ, ಫಿನಾಯಿಲ್ ಇವುಗಳನ್ನು ಹುಳ ಬಿದ್ದ ಗಾಯಕ್ಕೂ ಸುರಿಯಬೇಡಿರಿ. ನಾಯಿಯು ಗಾಯವನ್ನು ನೆಕ್ಕದೆ ಇರದು, ನೆಕ್ಕಿದ್ದೆಲ್ಲವೂ ಹೊಟ್ಟೆಗೆ ಹೋಗುತ್ತದೆ. ಮುರಿದ ಕಾಲನ್ನು ಎಳೆದು ಕೂಡಿಸುವ ನಾಟಿ ಪ್ರಯತ್ನವನ್ನೂ ಬಿಡತಕ್ಕದ್ದು. ಹಲಗೆಯ ಮೇಲೆ ಅಥವಾ ಬಿಗಿಯಾಗಿ ಹಿಡಿದ ಗೋಣಿಯ ಮೇಲೆ ಮಲಗಿಸಿ ಸಾಗಿಸುವುದು ಒಳ್ಳೆಯದು. ಅರಿವಳಿಕೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಆಹಾರವನ್ನು ಕೊಡಬೇಡಿರಿ.

ವಾಹನಕ್ಕೆ ಸಿಕ್ಕಿದ ನಾಯಿಯು ಎದ್ದು ನಡೆದಾಡಿದರೂ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ವಸಡು ಬಿಳಿಚಿಕೊಂಡರೆ, ಹೊಟ್ಟೆ ಉಬ್ಬಿದರೆ, ಉಸಿರು ಕಷ್ಟವಾದರೆ ಒಂದು ಗಳಿಗೆಯೂ ತಡಮಾಡಕೂಡದು. ಕರ್ನಾಟಕದಲ್ಲಿ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಪಶುವೈದ್ಯರ ನೆರವನ್ನು ಕೇಳಬಹುದು.

ಇನ್ನೊಂದು ಮಾತು. ಗಾಯವು ಮತ್ತೊಂದು ನಾಯಿ ಅಥವಾ ನರಿ ಕಚ್ಚಿದ್ದಾದರೆ ಹುಚ್ಚಿನ ಶಂಕೆಯನ್ನು ಮರೆಯಬಾರದು. ಉಪಚರಿಸಿದವರಿಗೆ ಹಲ್ಲು ತಾಕಿದ್ದರೆ, ಇಲ್ಲವೆ ಜೊಲ್ಲು ಅವರ ಗಾಯಕ್ಕೆ ತಗುಲಿದ್ದರೆ, ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ವಿಷಯವನ್ನು ವಿಚಾರಿಸಬೇಕು. ಗ್ರಾಮದ ಮುಖಂಡರು ಸಮೀಪದ ಪಶು ಆಸ್ಪತ್ರೆಯ ಸಂಖ್ಯೆಯನ್ನು ಹಾಲಿನ ಡೈರಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿಟ್ಟರೆ, ರಾತ್ರಿ ವೇಳೆ ಹುಡುಕುವ ತೊಂದರೆ ತಪ್ಪುತ್ತದೆ.