ಎರೆಹೊಲ ಎಂಬ ನೀರಿನ ಕಣಜ

ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ಅಥವಾ ಅಫಜಲಪುರ ತಾಲ್ಲೂಕಿನ ಎರೆಹೊಲಗಳಿಗೆ ಹೋದರೆ ನೆಲವೆಲ್ಲ ಬಾಯಿ ಬಿಟ್ಟುಕೊಂಡಿರುವುದು ಕಾಣುತ್ತದೆ. ಒಂದು ಉದ್ದನೆಯ ಜೋಳದ ದಂಟನ್ನು ಬಿರುಕಿನಲ್ಲಿ ಇಳಿಬಿಡಿ. ಮೊಣಕಾಲುದ್ದ, ಕೆಲವು ಕಡೆ ಸೊಂಟದುದ್ದ ಅದು ಒಳಗೆ ಇಳಿಯುತ್ತದೆ. ಕೈಜಾರಿ ಪೆನ್ನು ಬಿದ್ದರೆ ಮತ್ತೆ ಸಿಗುವುದು ಕಷ್ಟ! ಮುಂಗಾರಿನ ನಾಲ್ಕಾರು ಜೋರು ಮಳೆಗಳಾದ ಮೇಲೆ ಅದೇ ಹೊಲಕ್ಕೆ ಹೋಗಿ. ಬಿರುಕುಗಳೆಲ್ಲ ಮಾಯ. ಹೆಜ್ಜೆ ಇಟ್ಟರೆ ಮಣ್ಣು ಕಾಲಿಗೆ ಮೆತ್ತಿಕೊಂಡು, ಪ್ರತಿ ಹೆಜ್ಜೆಗೂ ಕಾಲು ಭಾರವಾಗುತ್ತ ಹೋಗುತ್ತದೆ.

ಇದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಇಲ್ಲಿನ ರೈತರು ಹಿಂಗಾರಿ ಬಿಳಿಜೋಳವನ್ನು ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಅಂದರೆ ಮಳೆಗಾಲ ಮುಗಿಯುತ್ತ ಬಂದಾಗ! ನವೆಂಬರಿನಿಂದ ಫೆಬ್ರುವರಿವರೆಗೆ ಮಳೆ ಬರುವುದು ಅಪರೂಪ. ಎಷ್ಟೋ ಹೊಲಗಳಿಗೆ ಬಾವಿಯೂ ಇಲ್ಲ, ಕಾಲುವೆಯೂ ಇಲ್ಲ. ಆದರೂ ಜೋಳ ಆಳೆತ್ತರ ಬೆಳೆದು ತೆನೆ ಬಿಡುತ್ತದೆ. ಪಕ್ಕದ ಹೊಲದಲ್ಲಿ ಕಡಲೆ, ಕುಸುಬೆ ಕೂಡ ಹಸಿರಾಗಿರುತ್ತವೆ. ಹಾಗಾದರೆ ಈ ಬೆಳೆಗಳು ನಾಲ್ಕು ತಿಂಗಳು ಕುಡಿದದ್ದು ಯಾವ ನೀರನ್ನು?

ಉತ್ತರ ಮಣ್ಣಿನೊಳಗೇ ಇದೆ. ಅದನ್ನು ತಿಳಿಯಲು ಈ ಮಣ್ಣು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ.

ಲಾವಾರಸದ ಮೊಮ್ಮಗ

ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲ ಮುಗಿಯುತ್ತಿದ್ದಾಗ, ಪಶ್ಚಿಮ ಹಾಗೂ ಮಧ್ಯ ಭಾರತದಲ್ಲಿ ನೆಲ ಸೀಳಿ ಲಾವಾರಸ ಹೊರಬಂದಿತು. ಒಂದು ಸಲವಲ್ಲ, ಮತ್ತೆ ಮತ್ತೆ. ಒಂದು ಹರಿವು ತಣ್ಣಗಾಗಿ ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು ಹರಿಯಿತು. ಹೀಗೆ ಪದರ ಪದರವಾಗಿ ಹರಡಿದ ಕಪ್ಪು ಕಲ್ಲೇ ಬಸಾಲ್ಟ್. ಈ ಇಡೀ ಪ್ರದೇಶವನ್ನು ಭೂವಿಜ್ಞಾನಿಗಳು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. 'ಟ್ರ್ಯಾಪ್' ಎಂಬ ಪದ ಬಂದದ್ದು ಸ್ವೀಡನ್ ದೇಶದ ಭಾಷೆಯಿಂದ. ಅಲ್ಲಿ ಅದಕ್ಕೆ ಮೆಟ್ಟಿಲು ಎಂಬ ಅರ್ಥವಿದೆ. ಪದರಗಳು ಸವೆದು ಮೆಟ್ಟಿಲುಗಳಂತೆ ಕಾಣುವುದರಿಂದ ಈ ಹೆಸರು.

ಆಳಂದ, ಅಫಜಲಪುರ ತಾಲ್ಲೂಕುಗಳು ಈ ಲಾವಾ ಹಾಸಿನ ಮೇಲಿವೆ. ಜೇವರ್ಗಿಯ ಕಡೆ ಬಂದಂತೆ ಹಾಸು ತೆಳುವಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಶಹಾಬಾದ, ವಾಡಿಗಳ ಕಡೆ ಸುಣ್ಣಕಲ್ಲಿನ ಪದರಗಳು ಕಾಣಿಸುತ್ತವೆ. ನಿಮ್ಮ ಶಾಲೆಯ ನೆಲಕ್ಕೆ ಹಾಸಿರುವ ಶಹಾಬಾದಿ ಕಲ್ಲು ಅಲ್ಲಿಯದೇ ಇರಬಹುದು.

ಬಿಸಿಲು, ಮಳೆ, ಗಾಳಿಗಳಿಗೆ ಸಿಕ್ಕಿ ಬಸಾಲ್ಟ್ ಲಕ್ಷಾಂತರ ವರ್ಷ ಶಿಥಿಲವಾಗುತ್ತ ಬಂದದ್ದರಿಂದ ಎರೆಮಣ್ಣು ಹುಟ್ಟಿತು. ಇದು ಕಪ್ಪಾಗಿದೆ ಎಂದ ಮಾತ್ರಕ್ಕೆ ಇದರಲ್ಲಿ ಗೊಬ್ಬರದ ಅಂಶ ತುಂಬಿ ತುಳುಕುತ್ತಿದೆ ಎಂದು ತಿಳಿಯಬೇಡಿ. ಎರೆಮಣ್ಣಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ.

ರೊಟ್ಟಿಯ ಒಟ್ಟಿಲು

ಎರೆಮಣ್ಣಿನ ಗುಟ್ಟು ಇರುವುದು ಅದರ ಜೇಡಿಕಣಗಳಲ್ಲಿ. ಈ ಮಣ್ಣಿನ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಭಾಗ ಜೇಡಿಯೇ. ಒಂದು ಜೇಡಿಕಣ ಎಷ್ಟು ಚಿಕ್ಕದು ಗೊತ್ತೆ? ನಿಮ್ಮ ಅಳತೆಪಟ್ಟಿಯ 1 ಮಿಲಿಮೀಟರ್ ಜಾಗದಲ್ಲಿ 500ಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಡಬಹುದು!

ಇಂಥ ಒಂದೊಂದು ಕಣವೂ ರೊಟ್ಟಿಯ ಒಟ್ಟಿಲಿನಂತೆ ತೆಳು ಹಾಳೆಗಳಿಂದ ಆಗಿದೆ. ಕೆಂಪು ಮಣ್ಣಿನ ಜೇಡಿಯಲ್ಲಿ ಈ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ನಡುವೆ ನೀರು ನುಗ್ಗಲಾರದು. ಎರೆಮಣ್ಣಿನಲ್ಲಿರುವುದು ಸ್ಮೆಕ್ಟೈಟ್ ಗುಂಪಿನ ಜೇಡಿ. ಅದರ ಹಾಳೆಗಳ ಹಿಡಿತ ಸಡಿಲ. ಎರಡು ಹಾಳೆಗಳ ನಡುವೆ ನೀರು ಸೇರಿಕೊಂಡು ಅವುಗಳನ್ನು ದೂರ ತಳ್ಳುತ್ತದೆ. ಕೋಟಿ ಕೋಟಿ ಕಣಗಳು ಹೀಗೆ ಉಬ್ಬಿದಾಗ ಇಡೀ ಹೊಲವೇ ಉಬ್ಬುತ್ತದೆ. ನೀರು ಆರಿದರೆ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ. ಮಣ್ಣು ಕುಗ್ಗಿ ಸೀಳುತ್ತದೆ. ಎರೆಭೂಮಿಯಲ್ಲಿ ಆಳವಾದ ಅಡಿಪಾಯ ಹಾಕದೆ ಕಟ್ಟಿದ ಮನೆಯ ಗೋಡೆಗಳು ಬಿರುಕು ಬಿಡುವುದೂ, ಬೇಲಿಕಂಬಗಳು ವಾಲುವುದೂ ಇದರಿಂದಲೇ.

ಬೇಸಿಗೆಯಲ್ಲಿ ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಂದು ಕೆಳಗಿನ ಮಣ್ಣು ಉಬ್ಬಿದಾಗ ಅದಕ್ಕೆ ಜಾಗ ಸಾಲದು. ಆಗ ಮಣ್ಣು ಮೇಲಕ್ಕೂ ಪಕ್ಕಕ್ಕೂ ಒತ್ತಿಕೊಂಡು ಜಾರುತ್ತದೆ. ಹೀಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ನಿಧಾನವಾಗಿ ತಿರುಗುತ್ತಿರುತ್ತದೆ. ಇಂಥ ಮಣ್ಣಿಗೆ ವಿಜ್ಞಾನಿಗಳು ವರ್ಟಿಸಾಲ್ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ ಭಾಷೆಯ 'ತಿರುಗಿಸು' ಎಂಬ ಅರ್ಥದ ಪದದಿಂದ ಅದು ಬಂದಿದೆ. ನಿಮ್ಮೂರಿನಲ್ಲಿ ಹೊಸದಾಗಿ ಕೃಷಿಹೊಂಡ ತೋಡಿದ್ದರೆ, ದೊಡ್ಡವರ ಜೊತೆ ಹೋಗಿ ಅದರ ಗೋಡೆಯನ್ನು ಗಮನಿಸಿ. ಎಣ್ಣೆ ಸವರಿದಂತೆ ಹೊಳೆಯುವ, ಓರೆಯಾದ ನುಣುಪು ಮುಖಗಳು ಕಂಡರೆ ಅವು ಮಣ್ಣು ಮಣ್ಣಿಗೆ ಉಜ್ಜಿ ಜಾರಿದ ಗುರುತು.

ಮಳೆಯ ಜಮಾ ಖರ್ಚು

ಕಲಬುರಗಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 700ರಿಂದ 800 ಮಿ.ಮೀ. ಮಳೆ ಬೀಳುತ್ತದೆ. ಇದು ಜಮಾ. ಇನ್ನು ಖರ್ಚು. ಇಲ್ಲಿನ ಬಿಸಿಲು, ಗಾಳಿಗಳಿಗೆ ವರ್ಷವೊಂದರಲ್ಲಿ ಇದರ ಸುಮಾರು ಎರಡು ಪಟ್ಟು ನೀರನ್ನು ಆವಿ ಮಾಡುವ ಶಕ್ತಿ ಇದೆ! ಮಳೆಯ ಜಮಾ ಖರ್ಚನ್ನು ಮೀರಿ ನಿಲ್ಲುವುದು ಮಳೆಗಾಲದ ಕೆಲವೇ ವಾರಗಳಲ್ಲಿ. ಆ ವಾರಗಳಲ್ಲಿ ಉಳಿಸಿದ್ದೇ ಉಳಿತಾಯ.

ಆಳವಾದ ಎರೆಮಣ್ಣು ಈ ಉಳಿತಾಯದ ಪೆಟ್ಟಿಗೆ. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ಸಿಗುವಂತಹ 150ರಿಂದ 200 ಮಿ.ಮೀ. ಮಳೆಯಷ್ಟು ನೀರನ್ನು ಹಿಡಿದಿಡಬಲ್ಲದು. 150 ಎಂದೇ ಹಿಡಿಯೋಣ. ಒಂದು ಎಕರೆಯ ಮೇಲೆ 1 ಮಿ.ಮೀ. ನೀರು ನಿಂತರೆ ಅದು ಸುಮಾರು 4,000 ಲೀಟರ್. ಹಾಗಾದರೆ 150 ಮಿ.ಮೀ. ಎಂದರೆ 6 ಲಕ್ಷ ಲೀಟರ್. 6,000 ಲೀಟರ್ ಹಿಡಿಯುವ ನೂರು ಟ್ಯಾಂಕರ್ ನೀರು! ಒಂದು ಎಕರೆ ಎರೆಹೊಲದ ಅಡಿಯಲ್ಲಿ, ಒಂದು ಮೀಟರಿನೊಳಗೆ, ಕಣ್ಣಿಗೆ ಕಾಣದಂತೆ ಇಷ್ಟು ನೀರು ಕೂತಿರುತ್ತದೆ. ಬಿಳಿಜೋಳ ಬೇರು ಇಳಿಸುತ್ತ ಹೋಗಿ ಕುಡಿಯುವುದು ಇದನ್ನೇ.

ಆದರೆ ಈ ಪೆಟ್ಟಿಗೆಗೆ ಎರಡು ದೋಷಗಳಿವೆ.

ಮೊದಲನೆಯದು, ಹರವಿ ದೊಡ್ಡದಾದರೂ ಬಾಯಿ ಕಿರಿದು. ಬೇಸಿಗೆಯ ಬಿರುಕುಗಳಿರುವಾಗ ಮೊದಲ ಮಳೆಯನ್ನು ಹೊಲ ಗಟಗಟನೆ ಕುಡಿಯುತ್ತದೆ. ಬಿರುಕು ಮುಚ್ಚಿದ ಮೇಲೆ ಕತೆಯೇ ಬೇರೆ. ತೊಯ್ದು ಉಬ್ಬಿದ ಎರೆಮಣ್ಣಿನಲ್ಲಿ ನೀರು ಗಂಟೆಗೆ ಕೆಲವೇ ಮಿ.ಮೀ., ಕೆಲವೊಮ್ಮೆ ಅದಕ್ಕೂ ಕಡಿಮೆ ಇಂಗುತ್ತದೆ. ಒಂದೇ ಗಂಟೆಯಲ್ಲಿ 40 ಮಿ.ಮೀ. ಮಳೆ ಸುರಿದರೆ ಹೆಚ್ಚಿನದು ಹಳ್ಳ ಸೇರುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗದು, ಮಣ್ಣನ್ನೂ ಹೊತ್ತೊಯ್ಯುತ್ತದೆ. ಹೊಲ ಸಪಾಟಾಗಿದ್ದರೆ ನೀರು ಅಲ್ಲೇ ನಿಂತು ತೊಗರಿಯ ಬೇರಿಗೆ ಗಾಳಿ ಸಿಗದೆ ಗಿಡ ಹಳದಿಯಾಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿಯ ತೊಗರಿಗೆ ಮಳೆ ಕಡಿಮೆಯಾದರೂ ಕಷ್ಟ, ನಿಂತರೂ ಕಷ್ಟ.

ಎರಡನೆಯದು, ಜಿಪುಣತನ. ಜೇಡಿಕಣಗಳು ನೀರನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ ಎಂದರೆ ಒಂದಿಷ್ಟು ಪಾಲನ್ನು ಬೇರು ಎಳೆದುಕೊಳ್ಳಲಾರದು. ಒಣಗಿದ ಎರೆಹೊಲಕ್ಕೆ ಸಣ್ಣ ಮಳೆ ಬಂದರೆ ಮಣ್ಣೇ ಅದನ್ನು ನುಂಗಿಬಿಡುತ್ತದೆ. ಅದೇ ಮಳೆ ಮಸಾರಿ ಹೊಲದಲ್ಲಿ ಬಿದ್ದರೆ ಬೆಳೆ ಎರಡು ದಿನ ನಗುತ್ತದೆ!

ದಿಬ್ಬದಿಂದ ಭೀಮೆಗೆ

ಮೂರು ತಾಲ್ಲೂಕುಗಳ ಎಲ್ಲ ಹೊಲಗಳಲ್ಲೂ ನೂರು ಟ್ಯಾಂಕರ್ ನೀರಿದೆ ಎಂದುಕೊಳ್ಳಬೇಡಿ. ಅದು ಹೊಲ ಇರುವ ಜಾಗವನ್ನು ಅವಲಂಬಿಸಿದೆ. ಆಳಂದ ತಾಲ್ಲೂಕಿನ ದಿಬ್ಬಗಳ ಮೇಲೆ ನಿಂತು ದಕ್ಷಿಣಕ್ಕೆ ಇಳಿಯುತ್ತ ಬಂದರೆ ಈ ವ್ಯತ್ಯಾಸ ತಿಳಿಯುತ್ತದೆ. ದಿಬ್ಬದ ನೆತ್ತಿಯಲ್ಲಿ ಮಣ್ಣು ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ. ಅದರ ಕೆಳಗೆ ಗರಸು. ಇದನ್ನು ಮಡ್ಡಿ ಭೂಮಿ ಎನ್ನುತ್ತಾರೆ. ಹೆಸರು, ಉದ್ದಿನಂಥ ಬೇಗ ಕೊಯ್ಲಿಗೆ ಬರುವ ಬೆಳೆಗೆ ಅದು ಸರಿ. ಇಳಿಜಾರಿನಲ್ಲಿ ಕೆಳಗೆ ಬಂದಂತೆ ಮೇಲಿನಿಂದ ಹರಿದುಬಂದ ಮಣ್ಣು ಸೇರಿ ಆಳ ಹೆಚ್ಚುತ್ತದೆ. ಬಿಳಿ ಸುಣ್ಣದ ಹರಳುಗಳೂ ಕಾಣುತ್ತವೆ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಭೀಮಾ ತೀರದಲ್ಲಿ, ಅಫಜಲಪುರದಿಂದ ಜೇವರ್ಗಿಯವರೆಗೆ, ಒಂದಾಳು ಆಳಕ್ಕೂ ಎರೆಮಣ್ಣು ಸಿಗುವ ಹೊಲಗಳಿವೆ.

ಒಂದೇ ಮಳೆ, ಒಂದೇ ಬಿಸಿಲು. ಆದರೂ ಮೇಲಿನ ಹೊಲದ ಜೋಳ ಡಿಸೆಂಬರಿನಲ್ಲೇ ಬಾಡುತ್ತದೆ, ಕೆಳಗಿನದು ತೆನೆ ಕಟ್ಟುತ್ತದೆ.

ಕೆಳಗಿನವರಿಗೆ ಚಿಂತೆಯೇ ಇಲ್ಲ ಎಂದಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ತೀರದ ಹೊಲಗಳು ಮುಳುಗಿದವು. ಇಂಥ ಮಣ್ಣಿನಲ್ಲಿ ನದಿ ಇಳಿದ ಮೇಲೂ ನೀರು ಬೇಗ ಬಸಿಯುವುದಿಲ್ಲ. ಕಾಲುವೆ ನೀರನ್ನು ಅತಿಯಾಗಿ ಹಾಯಿಸಿದರೂ ತೊಂದರೆಯೇ. ಕೆಳಗಿನ ಲವಣ ನೀರಿನೊಂದಿಗೆ ಮೇಲೇರಿ, ನೀರು ಆವಿಯಾದಾಗ ಬಿಳಿಯಾಗಿ ಉಳಿಯುತ್ತದೆ. ಅದೇ ಸವಳು.

ಒಂದು ಸೆಂಟಿಮೀಟರಿನ ಬೆಲೆ

ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಒಂದು ಮೀಟರಿಗೆ ನೂರು ಟ್ಯಾಂಕರ್ ಆದರೆ ಒಂದು ಸೆಂಟಿಮೀಟರ್ ಮಣ್ಣಿಗೆ ಎಕರೆಗೆ ಒಂದು ಟ್ಯಾಂಕರ್. ಮೇಲ್ಮಣ್ಣು ಅಷ್ಟು ಕೊಚ್ಚಿಹೋದರೆ ಪ್ರತಿ ವರ್ಷವೂ ಆ ಒಂದು ಟ್ಯಾಂಕರ್ ನೀರನ್ನು ಹಿಡಿಯುವ ಜಾಗ ಹೋಯಿತೆಂದೇ ಅರ್ಥ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯೂ ಇಂಥದೇ ಎರೆಮಣ್ಣು. 1976ರಿಂದ ಅಲ್ಲಿ ಎರಡು ಬಗೆಯ ಹೊಲಗಳನ್ನು ಹೋಲಿಸಿ ನೋಡುತ್ತ ಬಂದರು. ಒಂದರಲ್ಲಿ ಹಳೆಯ ರೂಢಿಯಂತೆ ಮಳೆಗಾಲದಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಬಿತ್ತಿದರು. ಇನ್ನೊಂದರಲ್ಲಿ ಸಣ್ಣ ಇಳಿಜಾರಿಗೆ ಹೊಂದಿಸಿ ಅಗಲವಾದ ಏರುಮಡಿ, ನಡುವೆ ಸಾಲು ಮಾಡಿ, ಮುಂಗಾರಿನಲ್ಲೂ ಬೆಳೆ ಇಟ್ಟು, ಗೊಬ್ಬರ ಕೊಟ್ಟರು. ಖಾಲಿ ಬಿಟ್ಟ ಹೊಲದಿಂದ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 6 ಟನ್ನಿಗೂ ಹೆಚ್ಚು ಮಣ್ಣು ಕೊಚ್ಚಿಹೋಯಿತು. ಅಂದರೆ ಸುಮಾರು ಇಪ್ಪತ್ತು ವರ್ಷಕ್ಕೆ ಒಂದು ಸೆಂಟಿಮೀಟರ್. ಇಳುವರಿ ಒಂದು ಟನ್ನಿನ ಆಸುಪಾಸು. ಏರುಮಡಿಯ ಹೊಲದಲ್ಲಿ ಮಣ್ಣಿನ ನಷ್ಟ ಅದರ ನಾಲ್ಕನೇ ಒಂದು ಭಾಗದಷ್ಟೇ, ಇಳುವರಿ ಐದು ಟನ್ನಿನ ಆಸುಪಾಸು.

ಭೀಮಾ ತೀರದ ಒಂದಾಳು ಆಳದ ಹೊಲಕ್ಕೆ ಒಂದು ಸೆಂಟಿಮೀಟರ್ ದೊಡ್ಡ ವಿಷಯವಲ್ಲ ಎನ್ನಿಸಬಹುದು. ಆದರೆ ಆಳಂದದ ಮಡ್ಡಿಯ ಮೇಲೆ ಒಟ್ಟು ಮಣ್ಣೇ 30 ಸೆಂಟಿಮೀಟರ್ ಇದ್ದರೆ? ಅಜ್ಜ ಬಿತ್ತಿದ ಹೊಲವನ್ನು ಮೊಮ್ಮಗ ಬಿತ್ತುವಷ್ಟರಲ್ಲಿ ಮೂರು ಸೆಂಟಿಮೀಟರ್, ಅಂದರೆ ಹತ್ತರಲ್ಲಿ ಒಂದು ಪಾಲು ಹೋಗಿರುತ್ತದೆ. ಹೊಸದಾಗಿ ಒಂದು ಸೆಂಟಿಮೀಟರ್ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಹೊಲದ ಸುತ್ತ ಬದು ಹಾಕುವುದು, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಹರಿದ ನೀರನ್ನು ಕೃಷಿಹೊಂಡಕ್ಕೆ ತಿರುಗಿಸುವುದು ಇದಕ್ಕಾಗಿಯೇ. ಚಳಿಗಾಲದಲ್ಲಿ ಜೋಳದ ಸಾಲುಗಳ ನಡುವೆ ಎಡೆ ಹೊಡೆಯುವುದನ್ನು ನೀವು ನೋಡಿರುತ್ತೀರಿ. ಕಳೆ ತೆಗೆಯುವುದಷ್ಟೇ ಅದರ ಕೆಲಸವಲ್ಲ. ಬಿರುಕು ಮುಚ್ಚಿ, ಮೇಲೆ ಪುಡಿಮಣ್ಣಿನ ಹೊದಿಕೆ ಹಾಸಿ, ಒಳಗಿನ ನೀರು ಆವಿಯಾಗದಂತೆ ಅದು ತಡೆಯುತ್ತದೆ. ಬಿರುಕು ಅಗಲವಾಗಿ ಬೇರು ಹರಿಯುವುದೂ ತಪ್ಪುತ್ತದೆ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಚೆನ್ನಾಗಿ ಒಣಗಿಸಿ ಪುಡಿ ಮಾಡಿ ಜರಡಿ ಹಿಡಿದ ಎರೆಮಣ್ಣು, ಇನ್ನೊಂದಕ್ಕೆ ಮಸಾರಿ ಮಣ್ಣು, ಎರಡೂ ಎರಡು ಬೆರಳಿನಷ್ಟು ಹಾಕಿ. ಮಟ್ಟವನ್ನು ಹೊರಗಿನಿಂದ ಗುರುತು ಮಾಡಿ. ನೀರು ತುಂಬಿ, ನಿಧಾನವಾಗಿ ಕಲಕಿ, ಒಂದು ದಿನ ಅಲುಗಾಡಿಸದೆ ಇಡಿ. ಮರುದಿನ ಯಾವ ಲೋಟದಲ್ಲಿ ಮಣ್ಣಿನ ಮಟ್ಟ ಎಷ್ಟು ಏರಿದೆ ಎಂದು ಅಳೆಯಿರಿ. ಆಮೇಲೆ ನೀರು ಬಸಿದು ಬಿಸಿಲಿಗಿಡಿ. ಯಾವುದು ಮೊದಲು ಬಿರುಕು ಬಿಡುತ್ತದೆ? ಹೊಲದಲ್ಲಿ ಬಿಳಿ ಹರಳು ಸಿಕ್ಕರೆ ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಗುಳ್ಳೆ ಎದ್ದರೆ ಅದು ಸುಣ್ಣದ ಹರಳು.