ಪರನಾಡಿನ ಪಕ್ಷಿವೀಕ್ಷಕ

ಹುಟ್ಟಿದ ನಾಡನ್ನು ಬಿಟ್ಟು ಉದ್ಯೋಗಕ್ಕಾಗಿ ಪರದೇಶಕ್ಕೆ ಹೋದವರು ಅಲ್ಲಿಯ ಭಾಷೆಯನ್ನು ಕಲಿಯುತ್ತಾರೆ. ನಾಣ್ಯದ ಲೆಕ್ಕವನ್ನು ಕಲಿಯುತ್ತಾರೆ. ಕಾಲಕ್ರಮದಲ್ಲಿ ಅಲ್ಲಿಯ ಊಟಕ್ಕೂ ಹವೆಗೂ ಒಗ್ಗಿಕೊಳ್ಳುತ್ತಾರೆ. ಹಕ್ಕಿಗಳನ್ನು ನೋಡುವ ಹವ್ಯಾಸವುಳ್ಳವರಾದರೋ ಇವುಗಳ ಜೊತೆಗೆ ಇನ್ನೊಂದು ವಿದ್ಯೆಯನ್ನೂ ಮೊದಲಿನಿಂದ ಅಭ್ಯಾಸ ಮಾಡಬೇಕಾಗುತ್ತದೆ. ಊರಿನಲ್ಲಿ ಕಣ್ಣು ಮುಚ್ಚಿಕೊಂಡು, ಕೇವಲ ದನಿಯಿಂದಲೇ ಹತ್ತಾರು ಹಕ್ಕಿಗಳನ್ನು ಗುರುತಿಸುತ್ತಿದ್ದವನು ಹೊಸ ನಾಡಿನ ಬೆಳಗಿನ ಕಲರವದ ನಡುವೆ ಅಕ್ಷರ ಬಾರದವನಂತೆ ನಿಲ್ಲುತ್ತಾನೆ. ಹಕ್ಕಿಯ ಪರಿಚಯವು ಬರಿಯ ಪುಸ್ತಕದ ವಿದ್ಯೆಯಲ್ಲ. ಅದು ಸ್ಥಳದ ವಿದ್ಯೆ, ಋತುವಿನ ವಿದ್ಯೆ. ಇಂಥವನು ಆ ನಾಡಿನ ವೀಕ್ಷಕರ ಬಳಗವನ್ನು ಸೇರಿದರೆ ಅವನಿಗಾಗುವ ಲಾಭವೇನು, ಅದಕ್ಕಿಂತ ಮಿಗಿಲಾಗಿ ವಿಜ್ಞಾನಕ್ಕಾಗುವ ಲಾಭವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಉದಾಹರಣೆಗೆ, ಅನೇಕ ಕನ್ನಡಿಗರು ನೆಲಸಿರುವ ಸಂಯುಕ್ತ ಅರಬ್ ಎಮಿರೇಟುಗಳನ್ನೇ ತೆಗೆದುಕೊಳ್ಳಬಹುದು. ಅಲ್ಲಿಯ ಜನಸಂಖ್ಯೆಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಹೊರನಾಡಿನವರು. ವಿಚಿತ್ರವೇನೆಂದರೆ, ಅಲ್ಲಿಯ ಪಟ್ಟಣಗಳ ಹಕ್ಕಿಗಳಲ್ಲಿಯೂ ವಲಸೆ ಬಂದು ನೆಲೆಯೂರಿದವು ಹಲವು ಉಂಟು. ನಮ್ಮ ಊರುಗಾಗೆ ಹಡಗುಗಳನ್ನೇರಿ ಅರಬ್ಬೀ ತೀರದ ರೇವುಗಳನ್ನು ಸೇರಿತು. ಗೊರವಂಕವೂ ಗಿಳಿಯೂ ಪಂಜರಗಳಿಂದ ತಪ್ಪಿಸಿಕೊಂಡು, ನೀರುಣಿಸಿ ಬೆಳೆಸಿದ ಉದ್ಯಾನಗಳಲ್ಲಿ ಸಂಸಾರ ಹೂಡಿದವು. ಆದರೆ ಅಲ್ಲಿ ಕಾಣುವ ನಮ್ಮ ಪರಿಚಯದ ಹಕ್ಕಿಗಳೆಲ್ಲವೂ ಹೀಗೆ ಬಂದವೆಂದು ತಿಳಿಯಲಾಗದು. ಕೆಂಪು ಟಿಟ್ಟಿಭ, ಕರಿನೇರಿಳೆ ಬಣ್ಣದ ಸೂರಕ್ಕಿ, ನಮ್ಮ ರಾಜ್ಯಪಕ್ಷಿಯಾದ ನೀಲಕಂಠ, ಇವು ಅಲ್ಲಿಯ ಸಹಜ ನಿವಾಸಿಗಳೇ. ಯಾವುದು ಮೂಲನಿವಾಸಿ, ಯಾವುದು ಆಗಂತುಕ ಎಂಬುದು ಹಕ್ಕಿಯ ಮೈಮೇಲೆ ಬರೆದಿರುವುದಿಲ್ಲ. ಹಿಂದಿನವರು ಬರೆದಿಟ್ಟ ದಾಖಲೆಯಿಂದಷ್ಟೇ ಅದನ್ನು ಅರಿಯಬಹುದು.

ಹೊಸಬನು ಬಳಗವನ್ನು ಸೇರಬೇಕಾದ ಮೊದಲನೆಯ ಕಾರಣ ಇದೇ. ಎರಡನೆಯ ಕಾರಣಕ್ಕೆ ನೀಲಕಂಠವನ್ನೇ ನೋಡಿ. ಕರ್ನಾಟಕದಲ್ಲಿ ತಂತಿಯ ಮೇಲೆ ಕುಳಿತ ನೀಲಿ ರೆಕ್ಕೆಯ ಹಕ್ಕಿಯನ್ನು ಕಂಡರೆ ನಾವು ಎರಡನೆಯ ಸಲ ಯೋಚಿಸುವುದಿಲ್ಲ. ಎಮಿರೇಟುಗಳಲ್ಲಿಯಾದರೋ ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಯೂರೋಪಿನ ನೀಲಕಂಠ ಆ ದಾರಿಯಾಗಿ ಹಾದುಹೋಗುತ್ತದೆ. ನಮ್ಮ ನೀಲಕಂಠದ ಎದೆ ಗೆರೆಗಳಿಂದ ಕೂಡಿದ ಕಂದುಗೆಂಪು. ಯೂರೋಪಿನದರ ತಲೆ, ಎದೆಗಳೆರಡೂ ತಿಳಿನೀಲಿ. ಹೊಸಬನು ‘ನೀಲಕಂಠ’ ಎಂದು ಬರೆದೊಡನೆ ಅಲ್ಲಿಯ ಅನುಭವಿಗಳು, “ಎದೆಯ ಬಣ್ಣ ಯಾವುದು?” ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆ ಅವನ ಕಣ್ಣನ್ನು ತಿದ್ದುತ್ತದೆ, ದಾಖಲೆಯನ್ನೂ ತಿದ್ದುತ್ತದೆ.

ಆ ನಾಡು ಏಷ್ಯ, ಯೂರೋಪು, ಆಫ್ರಿಕಗಳ ನಡುವಣ ವಲಸೆಯ ಚೌಕದಲ್ಲಿದೆ. ಅದರ ಬಹುಭಾಗ ಮರಳುಗಾಡಾದರೂ 450ಕ್ಕಿಂತ ಹೆಚ್ಚು ಬಗೆಯ ಹಕ್ಕಿಗಳು ಅಲ್ಲಿ ದಾಖಲಾಗಿವೆ. ದುಬೈ ನಗರದ ಮಗ್ಗುಲಲ್ಲಿಯೇ ಇರುವ ರಾಸ್ ಅಲ್ ಖೋರ್ ಜೌಗುಭೂಮಿಯಲ್ಲಿ ಚಳಿಗಾಲ ಬಂದರೆ ರಾಜಹಂಸಗಳು ಸೇರುತ್ತವೆ. 2007ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಯಲ್ಲಿ ಸೇರಿತು. ಮಳೆಗಾಲವೆಂಬುದೇ ಇಲ್ಲದ ಅಲ್ಲಿ, ಮುಂಗಾರಿನ ಲೆಕ್ಕದಿಂದ ಹಕ್ಕಿಗಳನ್ನು ಕಾಯುವ ನಮ್ಮವನ ಪಂಚಾಂಗ ಉಪಯೋಗಕ್ಕೆ ಬಾರದು. ಯಾವ ವಾರದಲ್ಲಿ ಯಾವುದು ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬ ಹೊಸ ಪಂಚಾಂಗವನ್ನು ಹಲವರು ಹಲವು ವರ್ಷ ನೋಡಿ ಬರೆದಿಟ್ಟಿದ್ದಾರೆ. ಅದನ್ನು ಒಬ್ಬನೇ ರಚಿಸಹೊರಟರೆ ಅವನ ನೌಕರಿಯ ಅವಧಿಯೇ ಮುಗಿದುಹೋಗಬಹುದು.

ಇಲ್ಲಿಯವರೆಗೆ ಹೇಳಿದುದು ವೀಕ್ಷಕನಿಗಾಗುವ ಲಾಭ. ಆದರೆ ಹೊರನಾಡಿನವನು ಎಂದಾದರೊಂದು ದಿನ ಗಂಟುಮೂಟೆ ಕಟ್ಟುವವನೇ. ಅವನ ದಿನಚರಿ ಪೆಟ್ಟಿಗೆಯನ್ನು ಸೇರಿದರೆ ಆ ನಾಡಿನ ಹತ್ತು ವರ್ಷಗಳ ಸಂಗತಿಯೂ ಅವನೊಡನೆ ಹೊರಟುಹೋಗುತ್ತದೆ. ಈ ನಷ್ಟ ಎಂಥದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೃಷ್ಟಾಂತವುಂಟು. ಕಾಂಗ್ರೆಸಿನ ಸ್ಥಾಪಕರಲ್ಲಿ ಒಬ್ಬರೆಂದು ನಾವು ಬಲ್ಲ ಅಲನ್ ಆಕ್ಟೇವಿಯನ್ ಹ್ಯೂಮ್ ದೊಡ್ಡ ಪಕ್ಷಿಶಾಸ್ತ್ರಜ್ಞರೂ ಆಗಿದ್ದರು. ಭಾರತಕ್ಕೆ ಅಧಿಕಾರಿಯಾಗಿ ಬಂದ ಈ ಪರದೇಶಿ 1872ರಲ್ಲಿ ‘ಸ್ಟ್ರೇ ಫೆದರ್ಸ್’, ಎಂದರೆ ‘ಚೆದುರಿದ ಗರಿಗಳು’, ಎಂಬ ಪತ್ರಿಕೆಯನ್ನು ಆರಂಭಿಸಿದರು. ದೇಶದ ನಾನಾ ಭಾಗಗಳಲ್ಲಿದ್ದ ಸೇನಾಧಿಕಾರಿಗಳೂ ಕಂದಾಯ ಅಧಿಕಾರಿಗಳೂ ತಾವು ಕಂಡುದನ್ನು ಅದಕ್ಕೆ ಬರೆದು ಕಳುಹಿಸುತ್ತಿದ್ದರು. ಅದರ ಜೊತೆಗೆ ಹ್ಯೂಮರು ಭಾರತದ ಹಕ್ಕಿಗಳ ಬೃಹತ್ ಗ್ರಂಥವೊಂದಕ್ಕಾಗಿ ಹಲವು ವರ್ಷಗಳ ಟಿಪ್ಪಣಿಗಳನ್ನು ಸಿಮ್ಲಾದ ತಮ್ಮ ಮನೆಯಲ್ಲಿ ಕೂಡಿಸಿಟ್ಟಿದ್ದರು. ಅವರು ಊರಲ್ಲಿಲ್ಲದಾಗ ಆಳೊಬ್ಬನು ಆ ಹಸ್ತಪ್ರತಿಗಳನ್ನು ರದ್ದಿ ಕಾಗದವಾಗಿ ಮಾರಿಬಿಟ್ಟನು. ಮನನೊಂದ ಹ್ಯೂಮರು 1885ರಲ್ಲಿ ಮೊಟ್ಟೆಗಳೂ ಸೇರಿ ಸುಮಾರು 82,000 ಮಾದರಿಗಳ ತಮ್ಮ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು. ಆ ಗ್ರಂಥ ಹೊರಬರಲೇ ಇಲ್ಲ. ಆದರೆ ಪತ್ರಿಕೆಯಲ್ಲಿ ಅಚ್ಚಾಗಿ ಹಂಚಿಹೋದ ಪುಟಗಳು ಇಂದಿಗೂ ಉಳಿದಿವೆ. ಸಂಶೋಧಕರು ಅವನ್ನು ಈಗಲೂ ತೆರೆದು ನೋಡುತ್ತಾರೆ. ಪೆಟ್ಟಿಗೆಯಲ್ಲಿಟ್ಟುದು ನಾಶವಾಯಿತು, ಹಂಚಿದುದು ಬಾಳಿತು.

ಹ್ಯೂಮರ ಪತ್ರಿಕೆ ಮಾಡುತ್ತಿದ್ದ ಕೆಲಸವನ್ನು ಈಗ ಗಣಕಯಂತ್ರಗಳು ವಿಸ್ತಾರವಾಗಿ ನಡೆಸುತ್ತಿವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯವೂ ಆಡುಬಾನ್ ಸಂಘವೂ ಸೇರಿ 2002ರಲ್ಲಿ ‘ಈ-ಬರ್ಡ್’ ಎಂಬ ಸಾರ್ವಜನಿಕ ದಫ್ತರವನ್ನು ತೆರೆದವು. 2021ರಲ್ಲಿ ಅದರ ನಮೂದುಗಳು ನೂರು ಕೋಟಿಯನ್ನು ದಾಟಿದವು. ಇದಕ್ಕೆ ಪಟ್ಟಿ ಕಳುಹಿಸುವವನು ಹಕ್ಕಿಗಳ ಹೆಸರನ್ನಷ್ಟೇ ಬರೆದರೆ ಸಾಲದು. ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ನಿಮಿಷ ನೋಡಿದೆ, ಎಷ್ಟು ದೂರ ನಡೆದೆ ಎಂಬುದನ್ನೂ ತಿಳಿಸಬೇಕು. ಗುರುತಿಸಿದ ಹಕ್ಕಿಗಳನ್ನೆಲ್ಲ ಬಿಡದೆ ಬರೆದ ಪಟ್ಟಿಗೆ ‘ಪೂರ್ಣ ಪಟ್ಟಿ’ ಎಂದು ಹೆಸರು. ಅಸಾಮಾನ್ಯವಾದ ನಮೂದು ಬಂದರೆ ಯಂತ್ರವು ಅದನ್ನು ತಡೆದು ನಿಲ್ಲಿಸುತ್ತದೆ; ಆ ಪ್ರದೇಶದ ಅನುಭವಿಯೊಬ್ಬರು ವಿವರ ಕೇಳಿ ಪರಿಶೀಲಿಸುತ್ತಾರೆ.

ಪೂರ್ಣ ಪಟ್ಟಿಯ ಮಹತ್ವವೇನು? ಪಟ್ಟಿ ಪೂರ್ಣವಾಗಿದ್ದರೆ ಅದರಲ್ಲಿ ಇಲ್ಲದ ಹಕ್ಕಿಯೂ ಒಂದು ಸಂಗತಿಯನ್ನು ಹೇಳುತ್ತದೆ. ಒಂದು ಕೆರೆಯಿಂದ ಒಂದು ವರ್ಷ 20 ಪೂರ್ಣ ಪಟ್ಟಿಗಳು ಬಂದು, ಅವುಗಳಲ್ಲಿ 15ರಲ್ಲಿ ಒಂದು ಬಗೆಯ ಬಾತು ಕಾಣಿಸಿಕೊಂಡಿತೆನ್ನೋಣ. ಹತ್ತು ವರ್ಷಗಳ ಬಳಿಕ 40 ಪಟ್ಟಿಗಳಲ್ಲಿ 16ರಲ್ಲಿ ಅದು ಕಂಡಿತು. ಬರಿಯ ಸಂಖ್ಯೆಯನ್ನು ನೋಡಿದವರು 15 ಹೋಗಿ 16 ಆಯಿತು, ಬಾತು ಕ್ಷೇಮವಾಗಿದೆ ಎಂದಾರು. ಪಟ್ಟಿಗಳ ಲೆಕ್ಕ ಹಿಡಿದರೆ ನೂರಕ್ಕೆ 75 ಇದ್ದುದು 40ಕ್ಕೆ ಇಳಿದಿದೆ. ನೋಡುವವರು ಹೆಚ್ಚಿದರೇ ಹೊರತು ಹಕ್ಕಿ ಹೆಚ್ಚಲಿಲ್ಲ.

ಈ ಬಗೆಯ ಗಣಿತದಿಂದಲೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಯನ್ನು ಕುರಿತ ವರದಿ ಸಿದ್ಧವಾಯಿತು. ಸುಮಾರು 30,000 ವೀಕ್ಷಕರ ಮೂರು ಕೋಟಿ ನಮೂದುಗಳಿಂದ 942 ಬಗೆಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಲಾಯಿತು. ದೀರ್ಘಕಾಲದ ಏರಿಳಿತವನ್ನು ನಿರ್ಧರಿಸಲು ಸಾಧ್ಯವಾದ 338 ಬಗೆಗಳಲ್ಲಿ ನೂರಕ್ಕೆ 60 ಇಳಿಮುಖವಾಗಿವೆ ಎಂದು ತಿಳಿದುಬಂದಿತು. ಹೀಗೆ ಇಳಿದವುಗಳಲ್ಲಿ ನಮ್ಮ ನೀಲಕಂಠವೂ ಒಂದು.

ಈ ದಫ್ತರಕ್ಕೂ ಮಿತಿಗಳುಂಟು. ಜನರು ಹೋಗಲು ಅನುಕೂಲವಾದ ಉದ್ಯಾನಗಳಿಂದ ನೂರಾರು ಪಟ್ಟಿಗಳು ಬರುತ್ತವೆ. ದೂರದ ಮರಳುಗುಡ್ಡಗಳಿಂದ ಒಂದೂ ಬಾರದೆ ಇರಬಹುದು. ಅಪರೂಪದ ಹಕ್ಕಿಯ ಗೂಡಿನ ನೆಲೆಯನ್ನು ಬಹಿರಂಗಪಡಿಸಿದರೆ ಅದಕ್ಕೆ ಕೇಡಾದೀತು. ಅದನ್ನು ಗುಟ್ಟಾಗಿಡುವುದೇ ಧರ್ಮ. ಸಂದೇಹವಿದ್ದಲ್ಲಿ ಹೆಸರನ್ನು ಊಹಿಸಿ ಬರೆಯುವುದಕ್ಕಿಂತ ‘ಗುರುತು ಸಿಗಲಿಲ್ಲ’ ಎಂದು ಬರೆಯುವುದು ಹೆಚ್ಚು ವೈಜ್ಞಾನಿಕ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಹೊರನಾಡುಗಳಿಗೆ ಹೋಗುವವರೇ. ಅದಕ್ಕೆ ಬೇಕಾದ ಅಭ್ಯಾಸವನ್ನು ಕಾಲೇಜಿನ ಆವರಣದಲ್ಲಿಯೇ ಆರಂಭಿಸಬಹುದು. ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ, ಅದೇ ದಾರಿಯಲ್ಲಿ ಹದಿನೈದು ನಿಮಿಷ ನಡೆದು, ಕಾಗೆ ಗುಬ್ಬಿಗಳನ್ನೂ ಬಿಡದೆ ಪಟ್ಟಿಮಾಡಿದರೆ ಸಾಕು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿಕೊಂಡ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲಕ್ಕೆ ಕರ್ನಾಟಕದ ಕೆರೆಗಳಿಗೆ ಬಂದುದು ತಿಳಿದದ್ದು ಹೇಗೆ? ಅಲ್ಲೊಬ್ಬರು ಬರೆದಿಟ್ಟರು, ಇಲ್ಲೊಬ್ಬರು ನೋಡಿ ತಿಳಿಸಿದರು. ಎರಡೂ ಕೂಡಿದಾಗ ದಾರಿ ಕಂಡಿತು. ಹಕ್ಕಿ ಗಡಿಗಳನ್ನು ದಾಟಿ ಹಾರುವುದರಿಂದ ಅದರ ಚರಿತ್ರೆಯನ್ನು ಯಾವ ಒಂದು ನಾಡಿನವರೂ ತಾವೇ ಬರೆದು ಮುಗಿಸಲಾರರು. ಎಲ್ಲಿ ನೆಲಸಿದರೂ ತನ್ನ ಪಾಲಿನ ಒಂದು ಸಾಲನ್ನು ಸರಿಯಾಗಿ ಬರೆದು ಕೊಡುವುದು ವೀಕ್ಷಕನ ಕೆಲಸ.