ಬೆರಳಿಗೆ ಭಾರವಾಗದ ಕೀಲಿಮಣೆ

ಪೇಟೆಯ ಮಾಳಿಗೆಯೊಂದರಿಂದ ‘ಟಕ ಟಕ ಟಕ... ಟಿಣ್’ ಎಂಬ ಸದ್ದು ಕೇಳಿಬಂದರೆ ಅಲ್ಲೊಂದು ಟೈಪಿಂಗ್ ಕ್ಲಾಸ್ ಇದೆ ಎಂದೇ ಅರ್ಥವಾಗಿದ್ದ ಕಾಲವೊಂದಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಫಲಿತಾಂಶಕ್ಕೆ ಕಾಯುವ ರಜೆಯಲ್ಲಿ ‘ಎ ಎಸ್ ಡಿ ಎಫ್’ ಕುಟ್ಟಲು ಹೋದವರು ಇಂದು ಅಪ್ಪ ಅಮ್ಮಂದಿರಾಗಿದ್ದಾರೆ. ಆ ಯಂತ್ರದಲ್ಲಿ ಕಿರುಬೆರಳಿನಿಂದ ‘ಎ’ ಒತ್ತುವುದೆಂದರೆ ಒಂದು ಸಣ್ಣ ವ್ಯಾಯಾಮವೇ ಆಗಿತ್ತು! 1955ರಲ್ಲಿ ಟೈಪ್‌ರೈಟರ್ ತಯಾರಿಕೆ ಆರಂಭಿಸಿದ್ದ ಗೋದ್ರೆಜ್ ಸಂಸ್ಥೆ 2009ರಲ್ಲಿ ಅದನ್ನು ನಿಲ್ಲಿಸಿತು. ಬೆರಳಚ್ಚು ಮಾತ್ರ ನಿಂತಿಲ್ಲ.

ಈಗ ಮಗಳು ಬಂದು ‘ಅಪ್ಪಾ, ನನಗೊಂದು ಮೆಕ್ಯಾನಿಕಲ್ ಕೀಬೋರ್ಡ್ ಬೇಕು’ ಎನ್ನುತ್ತಾಳೆ. ‘ಕಂಪ್ಯೂಟರಿನ ಜೊತೆ ಬಂದದ್ದು ಇದೆಯಲ್ಲ, ಮತ್ತೆಂಥಕ್ಕೆ?’ ಎಂಬ ಅಪ್ಪನ ಪ್ರಶ್ನೆ ಸಹಜವೇ. ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ಪಿಯುಸಿ ಮಟ್ಟದ ಹುದ್ದೆಗಳಿಗೆ ನಡೆಸುವ ಪರೀಕ್ಷೆಯಲ್ಲಿ ಇಂಗ್ಲಿಷ್ ಬೆರಳಚ್ಚಿನ ವೇಗ ನಿಮಿಷಕ್ಕೆ 35 ಪದ ಇರಬೇಕು. ಅಂದರೆ ಗಂಟೆಗೆ 10,500 ಸಲ ಕೀಲಿ ಒತ್ತಬೇಕು. ಅದೇ ವೇಗದಲ್ಲಿ ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡಿದರೆ 42,000 ಸಲ! ಒಂದೊಂದು ಒತ್ತಿನಲ್ಲಿ ಉಳಿಯುವ ಒಂದಿಷ್ಟು ಶ್ರಮ ಸಂಜೆಯ ಹೊತ್ತಿಗೆ ಎಷ್ಟಾದೀತೆಂದು ಊಹಿಸಿ.

ಸಾಮಾನ್ಯ ಕೀಲಿಮಣೆಯ ಒಳಗೆ ರಬ್ಬರಿನ ಚಿಕ್ಕ ಗುಮ್ಮಟಗಳಿರುತ್ತವೆ. ಅಕ್ಷರ ಮೂಡಬೇಕಾದರೆ ಆ ಗುಮ್ಮಟ ಕುಸಿದು ತಳ ಮುಟ್ಟಬೇಕು. ಬೆರಳೂ ಪ್ರತಿ ಸಲ ತಳಕ್ಕೆ ಬಡಿಯುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗ್ ಇರುವ ಪ್ರತ್ಯೇಕ ಸ್ವಿಚ್. ಜರ್ಮನಿಯ ಚೆರ್ರಿ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಮಾದರಿಯೇ ಇಂದಿಗೂ ಹೆಚ್ಚಿನವುಗಳಿಗೆ ಮೂಲ. ಅದರಲ್ಲಿ ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ. ಆದರೆ 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಮೂಡಿರುತ್ತದೆ. ಪಳಗಿದ ಬೆರಳು ಅಲ್ಲಿಂದಲೇ ಹಿಂದಿರುಗಬಹುದು. ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಕಂಪನಿಗಳೂ ಇಂಥವನ್ನು ಮಾಡತೊಡಗಿದ್ದರಿಂದ ಬೆಲೆ ಎರಡು-ಮೂರು ಸಾವಿರ ರೂಪಾಯಿಗೂ ಇಳಿದಿದೆ. ಡಬ್ಬಿಯ ಮೇಲೆ ‘ಮೆಕ್ಯಾನಿಕಲ್ ಫೀಲ್’ ಎಂದಿದ್ದರೆ ಮಾತ್ರ ಎಚ್ಚರ; ಅದರ ಒಳಗೆ ಇರುವುದು ರಬ್ಬರೇ.

ಸ್ವಿಚ್‌ಗಳನ್ನು ಬಣ್ಣದಿಂದ ಗುರುತಿಸುವುದು ರೂಢಿ. ನೀಲಿಯದು ಒತ್ತಿದಾಗಲೆಲ್ಲ ‘ಕ್ಲಿಕ್’ ಎನ್ನುತ್ತದೆ. ಹಳೆಯ ಟೈಪ್‌ರೈಟರಿನ ನೆನಪಾಗುತ್ತದೆಂದು ನಾನೂ ಮೊದಲು ಅದನ್ನೇ ಕೊಂಡೆ. ಹಂಚಿನ ಮನೆ, ಗೋಡೆ ಮಾಡಿಗೆ ಮುಟ್ಟದ ಕೋಣೆ, ರಾತ್ರಿ ಹನ್ನೊಂದು ಗಂಟೆ. ಮೂರನೆಯ ದಿನ ಮನೆಯವರೆಲ್ಲ ಸೇರಿ ನನ್ನನ್ನು ಜಗಲಿಗೆ ಅಟ್ಟಿದರು! ಕೆಂಪು ಬಣ್ಣದ್ದು ತಡೆಯಿಲ್ಲದೆ ಮೆತ್ತಗೆ ಇಳಿಯುತ್ತದೆ. ಕಂದು ಬಣ್ಣದ್ದು ಅಕ್ಷರ ಮೂಡುವ ಹಂತದಲ್ಲಿ ಬೆರಳಿಗೆ ಸಣ್ಣದೊಂದು ಉಬ್ಬು ತಾಗಿಸಿ ಸುಳಿವು ಕೊಡುತ್ತದೆ. ಚೆರ್ರಿಯ ಕೆಂಪಿಗೆ ಸುಮಾರು 45 ಗ್ರಾಂ ಒತ್ತಡ ಸಾಕು. ಕಂದಿಗೆ ಉಬ್ಬು ದಾಟಲು ಕೊಂಚ ಹೆಚ್ಚು ಬೇಕು. ದೀರ್ಘಕಾಲ ಕೂತು ಬೆರಳಚ್ಚು ಮಾಡುವವರಿಗೆ ನಾನು ಹೇಳುವುದು ಕಂದನ್ನೇ. ಕೆಂಪಿನಲ್ಲಿ ವೇಗ ಬರುತ್ತದೆ ನಿಜ, ಆದರೆ ಹೊಸಬರ ಬೆರಳು ಸುಮ್ಮನೆ ತಾಗಿದರೂ ತಪ್ಪಕ್ಷರ ಬೀಳುತ್ತದೆ. ಬಣ್ಣಬಣ್ಣದ ದೀಪಗಳಿಗೆ ಕೊಡುವ ಹಣ ದಂಡ.

ಕನ್ನಡ ಬೆರಳಚ್ಚಿಗೆ ಇನ್ನೊಂದು ವಿಷಯವಿದೆ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲಿ ಬೇರೂರಿದ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೂ ದೀರ್ಘಸ್ವರಗಳಿಗೂ ಶಿಫ್ಟ್ ಬೇಕು. ಸೊನ್ನೆ, ಣ, ಶ, ಳಗಳಿಗೂ ಅದೇ. ಒತ್ತಕ್ಷರಕ್ಕೆ ‘ಎಫ್’ ಕೀಲಿ. ‘ಭಟ್ಕಳ’ ಎಂದು ಬರೆಯಲು ಐದು ಅಕ್ಷರಕೀಲಿಗಳ ಜೊತೆಗೆ ಎರಡು ಸಲ ಶಿಫ್ಟ್, ‘ಕುಮಟಾ’ಕ್ಕೆ ಒಂದು ಸಲ, ‘ಹೊನ್ನಾವರ’ಕ್ಕೆ ಎಂಟು ಕೀಲಿ, ಒಂದು ಶಿಫ್ಟ್. ಹೀಗಾಗಿ ಕನ್ನಡದಲ್ಲಿ ಹೆಚ್ಚು ದಣಿಯುವುದು ಶಿಫ್ಟ್ ಹಿಡಿಯುವ ಕಿರುಬೆರಳು. ಕೊಳ್ಳುವ ಮುನ್ನ ಎರಡೂ ಶಿಫ್ಟ್ ಕೀಲಿಗಳನ್ನು ತುದಿಯಲ್ಲಿ ಒತ್ತಿ ನೋಡಿ. ಓರೆಯಾದರೆ, ಗಡಗಡ ಎಂದರೆ ಬೇಡ. ವಾಣಿಜ್ಯ ವಿದ್ಯಾರ್ಥಿಗಳಿಗೆ ಬಲಬದಿಯ ಅಂಕಿ ಕೀಲಿಗಳು ಬೇಕೇ ಬೇಕು. ಉಳಿದವರು ಅವಿಲ್ಲದ ಚಿಕ್ಕದನ್ನು ಕೊಂಡರೆ ಮೌಸ್ ಹತ್ತಿರ ಬಂದು ಭುಜಕ್ಕೆ ಆರಾಮ.

ಕೊಲ್ಲಿ ದೇಶದಿಂದ ರಜೆಗೆ ಬರುವ ಅಣ್ಣನೋ ಮಾವನೋ ತಂದುಕೊಡುವುದು ನಮ್ಮ ಕರಾವಳಿಯಲ್ಲಿ ಹೊಸತೇನಲ್ಲ. ಅಂಥದ್ದರ ಮೇಲೆ ಅರಬ್ಬಿ ಅಕ್ಷರಗಳಿದ್ದರೂ ಚಿಂತೆಯಿಲ್ಲ, ಕೆಲಸ ಅದೇ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕೇಳಬೇಕಾದ ಕಾರಣವೂ ಇದೆ. ಉಪ್ಪುಗಾಳಿ, ಜೂನ್‌ನಿಂದ ನಾಲ್ಕು ತಿಂಗಳ ಮಳೆ, ಗೋಡೆಯೇ ಬೆವರುವ ತೇವ. ಕಿಟಕಿಯ ಸರಳನ್ನೇ ತಿನ್ನುವ ಗಾಳಿ ಈ ಪುಟ್ಟ ಸ್ಪ್ರಿಂಗನ್ನು ಬಿಟ್ಟೀತೇ? ಕಾಲಕ್ರಮದಲ್ಲಿ ಒಂದು ಕೀಲಿ ಒಮ್ಮೆ ಒತ್ತಿದರೆ ಎರಡು ಅಕ್ಷರ ಮೂಡಿಸತೊಡಗಬಹುದು. ಆದ್ದರಿಂದ ಸ್ವಿಚ್ ಕಿತ್ತು ಬದಲಿಸಬಹುದಾದ, ‘ಹಾಟ್ ಸ್ವಾಪ್’ ಎಂಬ ಬಗೆಯನ್ನೇ ಆರಿಸಿ. ಕೆಟ್ಟದ್ದೊಂದನ್ನು ಮನೆಯಲ್ಲೇ ಚಿಮಟದಿಂದ ತೆಗೆದು ಹೊಸದನ್ನು ಕೂರಿಸಬಹುದು, ಬೆಸುಗೆ ಬೇಡ. ರಾತ್ರಿ ಒಣಬಟ್ಟೆ ಹೊದಿಸಿ. ಅವಲಕ್ಕಿ ತಿನ್ನುತ್ತ ಟೈಪು ಮಾಡಬೇಡಿ. ಇರುವೆಗಳಿಗೆ ಕೀಲಿಮಣೆಯ ಒಳಗೆ ಒಳ್ಳೆಯ ಮನೆಯಾಗುತ್ತದೆ.

ಮೆಕ್ಯಾನಿಕಲ್ ಕೀಲಿಮಣೆ ಸಾಮಾನ್ಯದ್ದಕ್ಕಿಂತ ಎತ್ತರ ಎಂಬುದನ್ನೂ ಮರೆಯಬಾರದು. ಊಟದ ಮೇಜಿನ ಮೇಲಿಟ್ಟರೆ ಮಣಿಕಟ್ಟು ಮೇಲಕ್ಕೆ ಬಾಗಿ ನೋವು ಶುರುವಾಗುತ್ತದೆ. ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಬಿಡಿ. ಮೊಣಕೈ ಕೀಲಿಗಳ ಮಟ್ಟಕ್ಕೆ ಬರುವಂತೆ ಕುರ್ಚಿಯ ಮೇಲೆ ದಿಂಬು ಹಾಕಿ. ಅರ್ಧ ಗಂಟೆಗೊಮ್ಮೆ ಕೈ ತೆಗೆಯಿರಿ. ಬೆರಳು ಜೋಮು ಹಿಡಿಯುವುದು, ರಾತ್ರಿ ಅಂಗೈ ಉರಿಯುವುದು ಕಂಡರೆ ‘ಅಭ್ಯಾಸವಾದರೆ ಸರಿಹೋಗುತ್ತದೆ’ ಎನ್ನದೆ ವೈದ್ಯರಿಗೆ ತೋರಿಸಬೇಕು.

ಇನ್ನು ಪರೀಕ್ಷೆಯ ಮಾತು. ಕೇಂದ್ರದಲ್ಲಿ ಸಾಮಾನ್ಯವಾಗಿ ಸಿಗುವುದು ಅಲ್ಲಿಯದೇ ರಬ್ಬರ್ ಕೀಲಿಮಣೆ. ಮನೆಯಲ್ಲಿ ಹಗುರಕ್ಕೆ ಒಗ್ಗಿದ ಬೆರಳು ಅಲ್ಲಿ ತಡವರಿಸಿ ಅಕ್ಷರ ನುಂಗುತ್ತದೆ. ಹಾಗಾಗಿ ಹೊಸದು ಬಂದಿತೆಂದು ಹಳೆಯದನ್ನು ಗುಜರಿಗೆ ಹಾಕಬೇಡಿ. ಪರೀಕ್ಷೆಗೆ ಒಂದು ತಿಂಗಳಿರುವಾಗ ಅದನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ದಿನಕ್ಕೆ ಅರ್ಧ ಗಂಟೆ ಅದರಲ್ಲೇ ಕುಟ್ಟಿ.